ಹೊಳೆಯುವ ಹೋಳಿಗೆ

ಆ ಸೋಮವಾರ ಮಧ್ಯಾಹ್ನದ ಹೊತ್ತಿಗೆ ಸುಮಿತ್ರಾಬಾಯಿ ಏಳು ಹಬ್ಬ ಮುಗಿಸಿದ್ದರು. ಇನ್ನೂ ಐದು ಬಾಕಿ ಇದ್ದವು.

ಒಂದೊಂದು ಹಬ್ಬಕ್ಕೆ ಒಂದೊಂದು ಸೀರೆ. ಉಟ್ಟಿದ್ದನ್ನು ಬಿಚ್ಚಿ ಇನ್ನೊಂದು ಉಡಲು ಐದೇ ನಿಮಿಷ. ಕುಪ್ಪಸ ಬದಲಿಸುವಷ್ಟು ಪುರುಸೊತ್ತಿಲ್ಲ, ಸೆರಗು ಹೊದ್ದರೆ ಕಾಣುವುದೂ ಇಲ್ಲ. ಬೆವರಿಗೆ ಆ ಕುಪ್ಪಸ ಬೆನ್ನಿಗೆ ಅಂಟಿ, ಒಣಗಿ, ಮತ್ತೆ ಅಂಟಿ ಉಪ್ಪಿನ ಗೆರೆ ಬಿದ್ದಿತ್ತು. ಬೀದರಿನ ಚಿದ್ರಿ ಬಡಾವಣೆಯ ಆ ಬಾಡಿಗೆ ಮನೆಯಲ್ಲಿ ಫ್ಯಾನು ಇತ್ತು, ಆದರೆ ಹಚ್ಚುವ ಹಾಗಿರಲಿಲ್ಲ. ಫ್ಯಾನಿನ ಸದ್ದು ಮೈಕಿಗೆ ಬರುತ್ತದೆ. ಬೆಳಿಗ್ಗೆ ಐದೂವರೆಗೆ ಸಂತಪುರದಲ್ಲಿ ಬಸ್ಸು ಹತ್ತಿದ ಹೆಂಗಸು ಮೂರು ಒಲೆಗಳ ನಡುವೆ ನಿಂತೇ ಇದ್ದರು.

"ಅಮ್ಮಾ, ಚೌತಿ ಆಯ್ತು. ಈಗ ದಸರಾ. ಜರಾ ನಗ್ರಿ."

"ನಗ್ತೇನ್ರಿ ಸರ. ಬಾಯಿ ಒಣಗ್ಯಾದ, ಒಂದು ಗುಟುಕು ನೀರು ಕುಡಿತೇನಿ."

"ಕುಡೀರಿ, ಯಾರು ಬ್ಯಾಡ ಅಂದ್ರು? ಈ ಶಾಟ್ ಆದ ಮ್ಯಾಲ ಕುಡೀರಿ."

ಕ್ಯಾಮೆರಾ ನಡೆಯುವಾಗ 'ಅಮ್ಮಾ'. ನಿಂತ ಕೂಡಲೇ 'ಬಾಯಿ'. "ಬಾಯಿ, ಜಲ್ದಿ ಜಲ್ದಿ, ದೀಪಾವಳಿ ಸೀರಿ ಉಡ್ರಿ." ಇದು ಸತೀಶಕುಮಾರ. ಎದುರಿಗೆ ನಾನು ಅವನಿಗೆ ಸರ್ ಅನ್ನುತ್ತಿದ್ದೆ. ಇಲ್ಲಿ ಅವನು ಎಂದೇ ಬರೆಯುತ್ತೇನೆ. ಅಷ್ಟಾದರೂ ನನ್ನ ಕೈಯಲ್ಲಿದೆ.

ನಾನು ಮಂಜಿರಿ. ಊರು ಭಾಲ್ಕಿ. ದಿನಾ ಬಸ್ಸಿನಲ್ಲಿ ಬೀದರಿಗೆ ಬಂದು ಅವನ ವಿಡಿಯೊ ಕತ್ತರಿಸಿ ಜೋಡಿಸುವ ಕೆಲಸ ಮಾಡುತ್ತಿದ್ದೆ. ಅವನಿಗೆ ಎರಡು ಚಾನಲ್ಲು. ಒಂದು 'ಸುಮಿತ್ರಮ್ಮನ ಒಲಿ'. ಹೆಸರು ಅವರದು, ಕೈ ಅವರದು, ಪಾಸ್‌ವರ್ಡ್ ಅವನದು. ಇನ್ನೊಂದರಲ್ಲಿ ಅವನು ಒಬ್ಬನೇ ಕುರ್ಚಿ ಹಾಕಿಕೊಂಡು ಕೂತು, ವಿಡಿಯೊ ಮಾಡುವವರು ಸಮಯ ಹೇಗೆ ಉಳಿಸಬೇಕು ಎಂದು ಉಪದೇಶ ಮಾಡುತ್ತಾನೆ. "ನಾ ದಿನಕ್ಕ ನಾಕೇ ತಾಸು ಕೆಲಸ ಮಾಡ್ತೇನಿ. ಒಬ್ಬನೇ ಮಾಡ್ತೇನಿ. ನಿಮಗೂ ಸಾಧ್ಯ ಅದ." ಆ ಮಾತನ್ನು ನಾನು ಎಷ್ಟು ಸಲ ಎಡಿಟ್ ಮಾಡಿದ್ದೇನೋ ಲೆಕ್ಕವಿಲ್ಲ. ಅವನು 'ಒಬ್ಬನೇ' ಅನ್ನುವಾಗ ಹಿಂದೆ ಅಡುಗೆಮನೆಯಿಂದ ಪಾತ್ರೆಯ ಸದ್ದು ಬರುತ್ತಿತ್ತು. ಅದನ್ನು ಅಳಿಸುವ ಕೆಲಸವೂ ನನ್ನದೇ.

ಅವನ ಉಪದೇಶದ ಸಾರ ಇಷ್ಟು: ಒಂದೇ ದಿನ ಎಲ್ಲ ಶೂಟ್ ಮಾಡಿ ಇಟ್ಟುಕೊಳ್ಳಿ, ತಿಂಗಳಿಡೀ ಆರಾಮಾಗಿರಿ. ಯಾರು ಆರಾಮಾಗಿರಬೇಕು ಎಂದು ಯಾರೂ ಕೇಳಲಿಲ್ಲ. ಸುಮಿತ್ರಾಬಾಯಿಗೆ ಶೂಟಿಂಗು ತಿಂಗಳಿಗೆ ಒಂದು ದಿನ, ಆದ್ದರಿಂದ ಕೂಲಿಯೂ ಒಂದು ದಿನದ್ದು. ಈ ಸಲವಂತೂ ವರ್ಷದ ಹನ್ನೆರಡು ಹಬ್ಬ ಒಂದೇ ದಿನದ ಕೂಲಿಗೆ ಬಂದಿದ್ದವು.

ಮೂರು ವರ್ಷದ ಹಿಂದೆ, ಮೊದಲ ಶೂಟಿಂಗಿನ ದಿನ, ಅವನು ತಾಟುಗಳನ್ನೆಲ್ಲ ಬಕೆಟ್ಟಿಗೆ ಸುರಿಯಲು ಹೋದಾಗ ಸುಮಿತ್ರಾಬಾಯಿ ಅಡ್ಡ ನಿಂತಿದ್ದರು.

"ಚೆಲ್ಲಬ್ಯಾಡ್ರಿ ಸರ. ನಾವು ಬಸವಣ್ಣನ ಒಕ್ಕಲು. ಬೇಯ್ಸಿದ್ದು ಯಾರದರೆ ಒಬ್ಬರ ಹೊಟ್ಟಿಗಿ ಹೋಗಬೇಕು. ಇಲ್ಲಂದ್ರ ಒಲಿ ಮುಂದ ನಿಂತಿದ್ದಕ್ಕ ಅರ್ಥ ಇಲ್ರಿ."

"ಒಯ್ಯಿರಿ, ಒಯ್ಯಿರಿ. ತಿಪ್ಪಿಗಿ ಹಾಕೂ ಟೈಮ್ ಉಳೀತು."

ಆವತ್ತಿನಿಂದ ಪ್ರತಿ ತಿಂಗಳೂ ಅವರು ಎರಡು ದೊಡ್ಡ ಸ್ಟೀಲ್ ಡಬ್ಬಿ ತುಂಬಿಕೊಂಡು ಸಂತಪುರದ ಬಸ್ಸು ಹತ್ತುತ್ತಿದ್ದರು. ಓಣಿಯ ಮಕ್ಕಳು ಬಸ್ ನಿಲ್ದಾಣಕ್ಕೇ ಬರುತ್ತಿದ್ದವು. ಅದಕ್ಕೆ 'ಪಿಚ್ಚರ್ ಹೋಳಗಿ' ಎಂದು ಹೆಸರಿಟ್ಟಿದ್ದವು. ಹೋಳಿಗೆಯಲ್ಲಿ ಸುಮಿತ್ರಾಬಾಯಿಯನ್ನು ಸರಿಗಟ್ಟುವವರು ಆ ಊರಲ್ಲಿ ಯಾರೂ ಇಲ್ಲ. ಬಸವ ಜಯಂತಿಯ ದಾಸೋಹಕ್ಕೆ ಇಪ್ಪತ್ತು ವರ್ಷದಿಂದ ಹೂರಣ ಅವರೇ ರುಬ್ಬಿಸಬೇಕು, ಮೊದಲ ಹೋಳಿಗೆ ಅವರೇ ಹಂಚಿನ ಮೇಲೆ ಹಾಕಬೇಕು. ಗಂಡ ತೀರಿಕೊಂಡ ವರ್ಷವೂ ಆ ಕೆಲಸ ತಪ್ಪಿಸಿದವರಲ್ಲ. ಬೇರೆ ಆಸ್ತಿ ಅಂತ ಅವರಿಗೆ ಏನೂ ಇರಲಿಲ್ಲ. ಆ ಹೆಸರು ಇತ್ತು.

ಆ ಸೋಮವಾರ ಸತೀಶಕುಮಾರನಿಗೆ ತುಪ್ಪದ ಮೇಲೆ ಸಿಟ್ಟು ಬಂತು. ದೊಡ್ಡ ಲೈಟಿನ ಕೆಳಗೆ ಹೋಳಿಗೆಗೆ ಹಚ್ಚಿದ ತುಪ್ಪ ಹತ್ತು ನಿಮಿಷಕ್ಕೆ ಇಂಗಿಹೋಗುತ್ತಿತ್ತು. ಮತ್ತೆ ಹಚ್ಚಬೇಕು, ಮತ್ತೆ ಶಾಟ್ ಇಡಬೇಕು.

"ಮಂಜಿರಿ, ಟೇಲರಿಂಗ್ ಸಾಮಾನಿನ ಅಂಗಡಿಗಿ ಹೋಗು. ಹೊಲಿಗಿ ಮಷೀನಿಗಿ ಹಾಕ್ತಾರಲ್ಲ, ಆ ಎಣ್ಣಿ ತಗೊಂಡು ಬಾ. ದೊಡ್ಡ ಬಾಟ್ಲಿ."

"ಯಾಕ್ರಿ ಸರ?"

"ಒಮ್ಮಿ ಹಚ್ಚಿದ್ರ ದಿನಾ ಪೂರಾ ಹೊಳೀತದ. ಫಾರಿನ್ನದವರೆಲ್ಲಾ ಹಂಗೇ ಮಾಡ್ತಾರ."

ತಂದೆ. ಬ್ರಷ್ಷಿನಿಂದ ಹೋಳಿಗೆಗಳ ಮೇಲೆ ಹಚ್ಚಿದ್ದೂ ನಾನೇ. ಒಂದು ಬಟ್ಟಲು ತುಂಬ ಅದೇ ಎಣ್ಣೆ ಸುರಿದು, ಬಣ್ಣ ಬರಲೆಂದು ಎರಡು ಚಮಚೆ ತುಪ್ಪ ಕದಡಿದೆ. ಆ ಎಣ್ಣೆಗೆ ವಾಸನೆ ಇರುವುದಿಲ್ಲ. ಹೋಳಿಗೆಯ ಮೇಲೆ ಧಾರೆಯಾಗಿ ಬಿಟ್ಟರೆ ನಿಜವಾದ ತುಪ್ಪಕ್ಕಿಂತ ಚೆನ್ನಾಗಿ ಕಂಡಿತು. ಸುಮಿತ್ರಾಬಾಯಿ ಆಗ ಹಿಂದಿನ ಅಡುಗೆಮನೆಯಲ್ಲಿ ಸಂಕ್ರಾಂತಿಯ ಸಜ್ಜೆರೊಟ್ಟಿ ಬಡಿಯುತ್ತಿದ್ದರು. ಅವರಿಗೆ ಏನೂ ಗೊತ್ತಿಲ್ಲ.

ಸಂಜೆ ಐದೂವರೆಗೆ ಕೆಲಸ ಮುಗಿಯಿತು. ನನ್ನ ಭಾಲ್ಕಿಯ ಬಸ್ಸು ಆರಕ್ಕೆ. ಚಪ್ಪಲಿ ಮೆಟ್ಟುವಾಗ ನೋಡಿದೆ, ಸುಮಿತ್ರಾಬಾಯಿ ತಾಟಿನ ಹೋಳಿಗೆಗಳನ್ನು ಡಬ್ಬಿಗೆ ಜೋಡಿಸುತ್ತಿದ್ದರು. ಬಟ್ಟಲಿನ 'ತುಪ್ಪ'ವನ್ನೂ ಒಂದು ಸಣ್ಣ ಡಬ್ಬಿಗೆ ಬಗ್ಗಿಸಿಕೊಂಡರು, ಒಂದು ಹನಿ ಚೆಲ್ಲದ ಹಾಗೆ.

ಹೇಳಬೇಕಿತ್ತು. ಎರಡು ನಿಮಿಷದ ಕೆಲಸ. ಆದರೆ ಹೇಳಿದರೆ ಅವರು ಕೇಳುತ್ತಾರೆ, ಅವನು ಒದರುತ್ತಾನೆ, ಬಸ್ಸು ಹೋಗುತ್ತದೆ. ಎಮ್ಮೆಗೆ ಹಾಕುತ್ತಾರೇನೋ ಎಂದುಕೊಂಡೆ. ಮೂರು ವರ್ಷದಿಂದ ಅದು ಮಕ್ಕಳ ಹೊಟ್ಟೆಗೆ ಹೋಗುತ್ತದೆ ಎಂದು ಗೊತ್ತಿದ್ದೂ ಹಾಗೆ ಅಂದುಕೊಂಡೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು.

ಮರುದಿನ ಬೆಳಿಗ್ಗೆ ಅವನ ಫೋನು ರಿಂಗಾಯಿತು. ಅವನು ಸ್ಪೀಕರಿಗೆ ಹಾಕಿದ.

"ಸರ, ನಾ ಸುಮಿತ್ರಾಬಾಯಿ ಮಾತಾಡ್ಲತ್ತೇನಿ. ಔರಾದ ದವಾಖಾನ್ಯಾಗ ಇದ್ದೇವ್ರಿ. ಒಂಬತ್ತು ಹುಡುಗರು ರಾತ್ರಿಯಿಂದ ವಾಂತಿ ಭೇದಿ ಮಾಡ್ಲತ್ತಾವ. ಸಖುಬಾಯಿ ಮೊಮ್ಮಗಳು ಕಣ್ಣ ತೆರೀವಲ್ಲದು. ಏನು ತಿಂದಾವ ಅಂತ ಡಾಕ್ಟರ್ ಕೇಳ್ಲತ್ತಾರ. ಹೋಳಗ್ಯಾಗ ಏನರೆ ಹಾಕಿದ್ರೇನ್ರಿ?"

ಅವನು ನನ್ನ ಕಡೆ ನೋಡಿದ. ಆಮೇಲೆ ಗೋಡೆ ಗಡಿಯಾರದ ಕಡೆ ನೋಡಿದ.

"ಏನು ಹಾಕ್ತೇವಿ ಬಾಯಿ? ಮಾಡಿದವರು ನೀವೇ, ಕಟ್ಟಿಕೊಂಡು ಒಯ್ದವರೂ ನೀವೇ. ಬ್ಯಾಳಿ ಹಳಸಿರಬೇಕು ನೋಡ್ರಿ."

ಆ ಒಂದು ಮಾತು ನಿಜ ಹೇಳಿದ್ದರೆ ಡಾಕ್ಟರಿಗೆ ದಾರಿ ಸಿಗುತ್ತಿತ್ತು. ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ. ಎಂಟು ಮಕ್ಕಳು ಎರಡು ದಿನಕ್ಕೆ ಎದ್ದು ಕೂತವು. ಸಖುಬಾಯಿಯ ಮೊಮ್ಮಗಳು ಸಾನಿಕಾ ಐದು ದಿನ ಸಲೈನ್ ಬಾಟಲಿ ಹಚ್ಚಿಕೊಂಡು ಮಲಗಿದ್ದಳು. ಉಳಿದಳು. ಅದು ನಮ್ಮ ಪುಣ್ಯವಲ್ಲ, ಆ ಹುಡುಗಿಯ ಗಟ್ಟಿತನ.

ಅಷ್ಟರಲ್ಲಿ ಯಾರೋ ದವಾಖಾನೆಯ ಮುಂದೆ ವಿಡಿಯೊ ಮಾಡಿ 'ಚಾನಲ್ಲಿನ ಹೋಳಿಗೆ ತಿಂದು ಮಕ್ಕಳು ಅಸ್ವಸ್ಥ' ಎಂದು ಹಾಕಿದ್ದರು. ಸತೀಶಕುಮಾರ ಹತ್ತೇ ನಿಮಿಷದಲ್ಲಿ ಬಿಳಿ ಅಂಗಿ ತೊಟ್ಟು ಕುರ್ಚಿಯ ಮೇಲೆ ಕೂತ. ಮುಖ ಸಣ್ಣದು ಮಾಡಿಕೊಂಡ. ಸುಮಿತ್ರಮ್ಮ ಶೂಟಿಂಗಿನ ಅಡುಗೆಯನ್ನು ಯಾರನ್ನೂ ಕೇಳದೆ ಕದ್ದು ಒಯ್ಯುತ್ತಿದ್ದರೆಂದೂ, ಹಳಸಿದ್ದನ್ನು ಮಕ್ಕಳಿಗೆ ಹಂಚಿದರೆಂದೂ, ಅವರನ್ನು ಚಾನಲ್ಲಿನಿಂದ ತೆಗೆದಿದ್ದೇವೆಂದೂ ಹೇಳಿದ. ಅವನು ನಡುವೆ ಎರಡು ಸಲ ತಡವರಿಸಿದ್ದ. ಅದನ್ನು ಕತ್ತರಿಸಿ ನುಣುಪು ಮಾಡಿ ಕೊಟ್ಟವಳು ನಾನು. ಸುಳ್ಳು ಅಷ್ಟು ನುಣುಪಾಗಿ ಕೇಳಿಸಲು ಒಬ್ಬರ ಕೂಲಿ ಬೇಕಾಗುತ್ತದೆ.

ಇಪ್ಪತ್ತು ದಿನ ಕಳೆಯಿತು. ಚಾನಲ್ಲು ನೋಡುವವರು ಕಡಿಮೆಯಾದರು. ಹನ್ನೆರಡು ಹಬ್ಬದ ವಿಡಿಯೊ ಹಾಗೇ ಬಿದ್ದಿದ್ದವು. ಎಲ್ಲದರಲ್ಲೂ ಸುಮಿತ್ರಾಬಾಯಿಯ ಮುಖ. ಕಳ್ಳಿ ಎಂದು ಅವನೇ ಸಾರಿದ ಮುಖ. ಯುಗಾದಿ ಎದುರಿಗೇ ಇತ್ತು.

"ಲೈವ್ ಮಾಡೂಣು," ಅಂದ. "ಆ ಬಾಯಿ ಬಂದು ತಪ್ಪಾಯ್ತು ಅನ್ಲಿ. ನಾ ಮಾಫ್ ಮಾಡಿದೆ ಅಂತೇನಿ. ಕಿಸ್ಸಾ ಖತಂ, ಎಲ್ಲಾ ವಿಡಿಯೊ ಬಿಡಬಹುದು. ಲೈವ್ ಅಂದ್ರ ಜನ ನಂಬ್ತಾರ. ಎಡಿಟಿಂಗ್ ಟೈಮೂ ಉಳೀತದ. ನೀ ನಾಳಿಗಿ ಸಂತಪುರಕ್ಕ ಹೋಗಿ ಒಪ್ಪಿಸಿ ಬಾ."

ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಟ್ಟ. ಸುಮಿತ್ರಾಬಾಯಿ ಹೇಳಬೇಕಾದ ಮಾತು.

ಔರಾದ ಬಸ್ಸು ಹತ್ತಿ ಸಂತಪುರದಲ್ಲಿ ಇಳಿದೆ. ಸುಮಿತ್ರಾಬಾಯಿ ಹೊಸ್ತಿಲ ಒಳಗೆ ಜೋಳ ಹಸನು ಮಾಡುತ್ತ ಕೂತಿದ್ದರು. ಬಾಗಿಲು ಅರ್ಧ ಮುಚ್ಚಿತ್ತು.

"ಬಾರವ್ವಾ," ಅಂದರು. ತಂಬಿಗೆಯಲ್ಲಿ ನೀರು ತಂದುಕೊಟ್ಟರು. ನಾನು ಗಟಗಟ ಕುಡಿದೆ. ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು.

"ಇಪ್ಪತ್ತು ದಿನ ಆಯ್ತು ನೋಡು, ನನ್ನ ಕೈಲೆ ಯಾರರೆ ನೀರು ಕುಡದು."

ಚೀಟಿ ನನ್ನ ಪರ್ಸಿನಲ್ಲಿತ್ತು. ಕೈ ಹೋಗಲಿಲ್ಲ.

"ಮನ್ಮಥಪ್ಪನವರು ಬಂದಿದ್ರು," ಅಂದರು. ಅವರು ದಾಸೋಹದ ಹಿರಿಯರು. "ಅಕ್ಕಾ, ಈ ಸಲ ಹೋಳಗಿ ಕೆಲಸಕ್ಕ ನೀವು ಬರಬ್ಯಾಡ್ರಿ ಅಂದ್ರು. ಮರ್ಯಾದಿಲೇ ಅಂದ್ರು ಪಾಪ. ಸಖು ಹೊಳ್ಳಿ ನೋಡವಲ್ಲಳು. ನಾ ದಿನಾ ಕುಂತು ಯೋಚನಿ ಮಾಡ್ತೇನಿ. ಬ್ಯಾಳಿ ನಾ ಮೂಸಿ ನೋಡಿದ್ದೆ. ಬೆಲ್ಲ ನೋಡಿದ್ದೆ. ನನ್ನ ಕೈಯಾಗ ಎಲ್ಲಿ ತಪ್ಪಿತು ಮಂಜಿರಿ?"

"ನಿಮ್ಮ ಕೈಯಾಗ ತಪ್ಪಿಲ್ಲ ಮಾವಶಿ."

ನಮ್ಮ ಮನೆಯಲ್ಲಿ ಮರಾಠಿ, ಚಿಕ್ಕಮ್ಮನಿಗೆ ಮಾವಶಿ ಅನ್ನುತ್ತೇವೆ. ಅವರನ್ನು ಹಾಗೇ ಕರೆದು ರೂಢಿ. ಎಲ್ಲ ಹೇಳಿದೆ. ಮಷೀನಿನ ಎಣ್ಣೆ, ಬ್ರಷ್ಷು, ಬಟ್ಟಲು. ಡಬ್ಬಿಗೆ ಬಗ್ಗಿಸಿಕೊಳ್ಳುವುದನ್ನು ನೋಡಿದ್ದು, ನೋಡಿ ಸುಮ್ಮನೆ ಹೋಗಿದ್ದು.

ಅವರು ಮೊರ ಕೆಳಗಿಟ್ಟರು.

"ಆ ತುಪ್ಪ ನಾ ಚಮಚೆಲೆ ಹಾಕಲಿಲ್ಲ ಗೊತ್ತೇನು? ಧಾರಿ ಬಿಟ್ಟೆ. ಉಣ್ರಿ ಮಕ್ಕಳಾ ಅಂತ ಧಾರಿ ಬಿಟ್ಟೆ." ಅವರ ಧ್ವನಿ ಏರಲಿಲ್ಲ. "ನಿನಗ ಎರಡು ನಿಮಿಷ ಇರಲಿಲ್ಲೇನವ್ವಾ?"

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ನನ್ನ ಮುಂಗೈ ಹಿಡಿದು ಎಬ್ಬಿಸಿದರು.

"ನಡಿ. ಒಂಬತ್ತು ಮನಿ ಅದಾವ. ಮನಿಮನಿಗಿ ಹೇಳು."

"ಎಲ್ಲಾರ್ನೂ ಒಂದೇ ಕಡಿ ಕರೀರಿ ಮಾವಶಿ, ಒಮ್ಮಿಗೇ ಹೇಳ್ತೇನಿ."

"ಒಮ್ಮಿಗೇ?" ಅಂದರು. ಅವರು ನನ್ನನ್ನು ಅಷ್ಟು ಅಸಹ್ಯದಿಂದ ಹಿಂದೆಂದೂ ನೋಡಿರಲಿಲ್ಲ. "ಅವನ ಸಾಲ್ಯಾಗ ಬರೋಬರಿ ಕಲ್ತಿ ನೀ. ಹುಡುಗರು ಒಮ್ಮಿಗೇ ವಾಂತಿ ಮಾಡಿಲ್ಲ. ಒಂದೊಂದು ಮನ್ಯಾಗ ಒಂದೊಂದು ತಾಯಿ ಕುಂತಿದ್ದಳು. ನಡಿ."

ಒಂಬತ್ತು ಬಾಗಿಲಲ್ಲಿ ನಿಂತು ಒಂಬತ್ತು ಸಲ ಹೇಳಿದೆ. ಯಾವ ಸಲವೂ ಸುಲಭವಾಗಲಿಲ್ಲ. ಸಖುಬಾಯಿ ನನ್ನ ಜಡೆ ಹಿಡಿದು ಜಗ್ಗಿ, ಕೆನ್ನೆಗೆ ಎರಡು ಕೊಟ್ಟಳು. ಸಾನಿಕಾ ಬಾಗಿಲ ಹಿಂದಿನಿಂದ ನೋಡುತ್ತಿದ್ದಳು. ಸಲೈನಿನ ಸೂಜಿ ಚುಚ್ಚಿದಲ್ಲಿ ಇನ್ನೂ ಹಸಿರುಗಟ್ಟಿತ್ತು. ಹೊಡೆದ ಮೇಲೆ ಸಖುಬಾಯಿ ಸುಮಿತ್ರಾಬಾಯಿಯ ಕಡೆ ತಿರುಗಿ, ಅವರ ಮನೆಗೆ ಹೋಗಿ ಅದೇ ತಂಬಿಗೆಯ ನೀರು ಕುಡಿದು ಬಂದಳು.

ಕೊನೆಗೆ ಮನ್ಮಥಪ್ಪನವರ ಮನೆ. ಅವರು ಎಲ್ಲ ಕೇಳಿ ಸುಮಿತ್ರಾಬಾಯಿಯ ಕಡೆ ತಿರುಗಿದರು.

"ಅಕ್ಕಾ, ನಮ್ಮ ಓಣ್ಯಾಗ ಹೇಳಿದ್ರ ಸಾಲಂಗಿಲ್ಲ. ಇಡೀ ಜಿಲ್ಲಾ ಫೋನಿನ್ಯಾಗ ನೋಡ್ಯಾದ. ಹೊಲಸು ಎಲ್ಲಿ ಬಡದಾನೋ ಅಲ್ಲೇ ತೊಳೀಬೇಕು."

ಆಗ ನಾನು ಪರ್ಸಿನಿಂದ ಚೀಟಿ ತೆಗೆದು ಓದಿದೆ. 'ನಾ ಕೇಳದೆ ಒಯ್ದೆ. ತಪ್ಪಾಯ್ತು. ಸರ್ ದೊಡ್ಡ ಮನಸು ಮಾಡಿ ಮಾಫ್ ಮಾಡ್ಯಾರ. ಎಲ್ಲಾರೂ ಮೊದಲಿನಂಗ ಚಾನಲ್ ನೋಡ್ರಿ.' ಸುಮಿತ್ರಾಬಾಯಿ ಚೀಟಿ ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿದರು.

"ಬರ್ತಾಳಂತ ಹೇಳು ಅವಗ," ಅಂದರು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಲೈವ್ ಇತ್ತು. ಮೇಜಿನ ಮೇಲೆ ಏನಾದರೂ ಇರಬೇಕಲ್ಲ, ಅವನು ಮಿಠಾಯಿ ಅಂಗಡಿಯಿಂದ ಹೋಳಿಗೆ ತರಿಸಿದ್ದ. ಒಣಗಿದ್ದವು.

"ಮಂಜಿರಿ, ಎಣ್ಣಿ ಹಚ್ಚು."

"ಮತ್ತ ಅದೇ ಎಣ್ಣಿ ಏನ್ರಿ ಸರ?"

"ಯಾರು ತಿಂತಾರ? ಮುಂದ ಇಡ್ಲಿಕ್ಕ ಅಷ್ಟೇ. ಹತ್ತು ನಿಮಿಷದ ಕೆಲಸ, ಚೌಕಾಸಿ ಮಾಡಬ್ಯಾಡ."

ಅವನ ಕಣ್ಣೆದುರಿಗೇ ಬಾಟಲಿಯ ಮುಚ್ಚಳ ತೆಗೆದು, ಬ್ರಷ್ ಅದ್ದಿ, ಒಂದೊಂದಕ್ಕೂ ಹಚ್ಚಿದೆ. ಬಟ್ಟಲೂ ತುಂಬಿಸಿದೆ. ಹೊಳೆದವು.

ಸುಮಿತ್ರಾಬಾಯಿ ಬಂದರು. ಜೊತೆಗೆ ಒಂಬತ್ತು ಜನ ಹೆಂಗಸರು.

"ಇವರೆಲ್ಲಾ ಯಾರು?"

"ನಮ್ಮ ಓಣ್ಯವರ್ರಿ. ಶೂಟಿಂಗ್ ನೋಡ್ಲಿಕ್ಕ ಬಂದಾರ."

"ಹಿಂದ ಅಡಗಿಮನ್ಯಾಗ ಕುಂಡ್ರಲಿ. ಗದ್ದಲ ಮಾಡಬಾರದು. ಬಾಯಿ, ಚೀಟಿ ಬಾಯಿಪಾಠ ಆಗ್ಯಾದಲ್ಲ?"

"ಆಗ್ಯಾದ್ರಿ."

ನಾನು ಫೋನು ಸ್ಟ್ಯಾಂಡಿಗೆ ಸಿಕ್ಕಿಸಿ ಲೈವ್ ಚಾಲೂ ಮಾಡಿದೆ. ನೋಡುವವರ ಸಂಖ್ಯೆ ಏರತೊಡಗಿತು. ಅವನು ಕೈ ಮುಗಿದ. ಮನುಷ್ಯರು ಅಂದಮೇಲೆ ತಪ್ಪು ಮಾಡುತ್ತಾರೆ, ಕ್ಷಮಿಸುವುದು ದೊಡ್ಡ ಗುಣ, ಹೀಗೆ ಏನೇನೋ ಹೇಳಿ, "ಹೇಳ್ರಿ ಅಮ್ಮಾ," ಅಂದ.

ಸುಮಿತ್ರಾಬಾಯಿ ಚೀಟಿ ತೆಗೆದು ಓದಿದರು. ಅಕ್ಷರ ಅಕ್ಷರ ಕೂಡಿಸಿ, ನಾಲ್ಕೂ ಸಾಲು ಓದಿದರು. ಅವನ ಮುಖ ಇಳಿಯಿತು. ಬಾಯಿಪಾಠ ಹೇಳಬೇಕಾದ್ದನ್ನು ಕ್ಯಾಮೆರಾದ ಮುಂದೆ ಚೀಟಿ ಹಿಡಿದು ಓದಿದರೆ ಎಂಥವರಿಗೂ ತಿಳಿಯುತ್ತದೆ.

"ಇದು ಸರ ಬರದುಕೊಟ್ಟಿದ್ದು," ಅಂದರು ಕ್ಯಾಮೆರಾಕ್ಕೆ. "ಈಗ ನನ್ನ ಮಾತು. ನಮ್ಮ ಕಡಿ ಮಾಫ್ ಮಾಡಿದ್ರ ಬಾಯಿ ಸಿಹಿ ಮಾಡ್ತೇವಿ. ಸರ ನನ್ನ ಮಾಫ್ ಮಾಡ್ಯಾರ. ಅದಕ್ಕ ನನ್ನ ಕೈಲೆ ಅವರಿಗಿ ಒಂದು ಹೋಳಗಿ ಉಣಸ್ತೇನಿ."

ತಾಟಿನಿಂದ ಒಂದು ಹೋಳಿಗೆ ತೆಗೆದು ಅವನ ಮುಂದೆ ಎಲೆಯಲ್ಲಿ ಇಟ್ಟರು. ಬಟ್ಟಲು ಎತ್ತಿ ಧಾರೆ ಬಿಟ್ಟರು. ಮಕ್ಕಳಿಗೆ ಬಿಟ್ಟಷ್ಟೇ.

"ಉಣ್ರಿ ಸರ."

ಅವನು ನಕ್ಕ. "ಅಮ್ಮಾ, ನನಗ ಶುಗರ್ ಅದ."

"ಅರ್ಧಾ ಉಣ್ರಿ."

"ಈಗ ನಾಷ್ಟಾ ಆಯ್ತು."

"ಒಂದು ತುತ್ತು ಉಣ್ರಿ. ನೀವೇ ತರಿಸಿದ ಹೋಳಗಿ, ನೀವೇ ಹಚ್ಚಿಸಿದ ತುಪ್ಪ. ಸಂತಪುರದಾಗ ಮೂರು ವರ್ಷದ ಕೂಸು ಉಂಡದ. ನಿಮಗೇನಾಗ್ತದ?"

ಅಡುಗೆಮನೆಯಿಂದ ಹೆಂಗಸರು ಒಬ್ಬೊಬ್ಬರೇ ಹೊರಗೆ ಬಂದರು. ಯಾರೂ ಬೈಯಲಿಲ್ಲ. ದಾಸೋಹದಲ್ಲಿ ಕೂರುವ ಹಾಗೆ, ಮೇಜಿಗೂ ಫೋನಿಗೂ ನಡುವೆ ನೆಲದ ಮೇಲೆ ಸಾಲಾಗಿ ಪಂಕ್ತಿ ಕೂತರು. ತುದಿಯಲ್ಲಿ ಸಖುಬಾಯಿ, ಫೋನಿನ ಸ್ಟ್ಯಾಂಡಿಗೆ ಬೆನ್ನು ಕೊಟ್ಟು. ಫೋನು ಮುಟ್ಟಬೇಕೆಂದರೆ ಅವನು ಅವರನ್ನು ದಾಟಿ ಬರಬೇಕು. ಜಿಲ್ಲೆಯೆಲ್ಲ ನೋಡುವಾಗ ಕೂತ ಪಂಕ್ತಿ ದಾಟುವ ಧೈರ್ಯ ಅವನಿಗಿರಲಿಲ್ಲ.

"ಎಣ್ಣಿ ಯಾವುದು ಅಂತ ಹೇಳಲಿ," ಎಂದು ಸಖುಬಾಯಿ ಅಂದಳು. "ಇಲ್ಲಾ ಉಣ್ಣಲಿ."

ಅವನು ನನ್ನ ಕಡೆ ನೋಡಿ ಎರಡು ಬೆರಳು ಕತ್ತರಿಯ ಹಾಗೆ ಆಡಿಸಿದ. ಕಟ್ ಮಾಡು. ಮೂರು ವರ್ಷ ಆ ಬೆರಳಿನ ಸನ್ನೆಗೆ ನಾನು ಕತ್ತರಿಸಿದ್ದೇನೆ, ನೀರು ಕೇಳಿದ್ದನ್ನು, ಪಾತ್ರೆಯ ಸದ್ದನ್ನು, ಅವನ ತಡವರಿಕೆಯನ್ನು. ಈಗ ಸ್ಟ್ಯಾಂಡಿನ ಪಕ್ಕ ಇಟ್ಟುಕೊಂಡಿದ್ದ ಎಣ್ಣೆಯ ಬಾಟಲಿಯನ್ನು ಎತ್ತಿಕೊಂಡು, ಹೆಸರು ಕಾಣುವ ಹಾಗೆ ತಿರುಗಿಸಿ, ಹೋಳಿಗೆಯ ಪಕ್ಕ ಇಟ್ಟೆ. ಹೋಗಿ ಸಖುಬಾಯಿಯ ಪಕ್ಕ ಕೂತೆ. ಅವಳು ಸರಿದು ಜಾಗ ಕೊಡಲಿಲ್ಲ. ಆದರೂ ಕೂತೆ.

"ನನಗ ಮೀಟಿಂಗ್ ಅದ," ಎಂದ ಅವನು. ಹಣೆಯ ಮೇಲೆ ಬೆವರು ಬಂದಿತ್ತು. ಫ್ಯಾನು ಬಂದ್ ಇತ್ತು. "ಟೈಮ್ ಇಲ್ಲ ನನಗ, ಟೈಮ್ ಇಲ್ಲ."

"ಅವಸರ ಇಲ್ರಿ ಸರ," ಅಂದರು ಸುಮಿತ್ರಾಬಾಯಿ, ಅವನ ಎದುರಿನ ಕುರ್ಚಿಯಲ್ಲಿ ಕೂರುತ್ತ. ಆ ಮನೆಯಲ್ಲಿ ಅವರು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. "ನಮ್ಮ ಬಸ್ಸು ಸಂಜಿ ಆರಕ್ಕ ಅದ. ಸಾವಕಾಶ ಉಣ್ರಿ."

ಗೋಡೆಯ ಗಡಿಯಾರದಲ್ಲಿ ಆಗ ಹನ್ನೊಂದು ಗಂಟೆ ಹದಿನೇಳು ನಿಮಿಷ.